ನಾಯಿ ಜೊತೆ ಬೆಟ್ಟಕ್ಕೆ ಬರುವವರಿಗೆ ಮನೆ ಬಿಡುವ ಮುಂಚೆಯೇ ಹೇಳಿ: ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ನಾನು ಚಿಕ್ಕಮಗಳೂರಿನವಳು. ನಮ್ಮ ಮನೆಯಲ್ಲಿ ಒಂದು ನಾಯಿ ಇದೆ. ಯಾವ ಜಾತಿಯದ್ದೂ ಅಲ್ಲ, ಊರ ನಾಯಿಯೇ, ಹೆಸರು ಕರಿಯ. ಬಿಡುವಾದಾಗಲೆಲ್ಲ ಅವನ ಜೊತೆ ತೋಟದ ದಾರಿ, ಕೆರೆ ಏರಿ, ಗುಡ್ಡದ ಬುಡ ಅಂತ ನಡೆಯುತ್ತಿರುತ್ತೇನೆ. ನಿಮ್ಮಲ್ಲಿ ನಾನು ಕೇಳುವುದು ಒಂದೇ. ನಮ್ಮ ಜಿಲ್ಲೆಯ ಯಾವ ಬೆಟ್ಟದ ದಾರಿಗೆ ನಾಯಿ ತರಬಹುದು, ಯಾವುದಕ್ಕೆ ತರಬಾರದು ಅನ್ನುವುದನ್ನು ಜನರಿಗೆ ಮನೆ ಬಿಡುವ ಮುಂಚೆಯೇ ಗೊತ್ತಾಗುವ ಹಾಗೆ ಬರೆದು ಹಾಕಿಸಿ. ಗೇಟಿಗೆ ಬಂದ ಮೇಲೆ ಹೇಳಿದರೆ ಹೊತ್ತು ಮೀರಿರುತ್ತದೆ.

ಯಾಕೆ ಅಂತ ಹೇಳುತ್ತೇನೆ. ರಾತ್ರಿಯೇ ಬೆಂಗಳೂರು ಬಿಟ್ಟು ಬಂದ ಕುಟುಂಬ, ಹಿಂದಿನ ಸೀಟಿನಲ್ಲಿ ಮಕ್ಕಳ ನಡುವೆ ಒಂದು ಲ್ಯಾಬ್ರಡಾರ್. ಗೇಟಿನಲ್ಲಿ ನಾಯಿಗೆ ಪ್ರವೇಶ ಇಲ್ಲ ಅಂದರು. ಇಷ್ಟು ದೂರ ಬಂದು ವಾಪಸ್ ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ. ಕಾರನ್ನು ಬದಿಗೆ ಹಾಕಿ, ಗಾಜನ್ನು ಎರಡು ಬೆರಳಷ್ಟು ಇಳಿಸಿ, ನಾಯಿಯನ್ನು ಒಳಗೆ ಬಿಟ್ಟು, ಬೇಗ ಬರ್ತೀವಿ ಅಂದುಕೊಂಡು ಹತ್ತಿಬಿಡುತ್ತಾರೆ. ಹೀಗೆ ಬಿಟ್ಟುಹೋದ ಒಂದು ನಾಯಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಉಸಿರಿಗೆ ಗಾಜೆಲ್ಲ ಮಂಜಾಗಿತ್ತು, ನಾಲಿಗೆ ಪೂರ್ತಿ ಹೊರಗೆ ಬಂದಿತ್ತು, ಆ ಎರಡು ಬೆರಳ ಸಂದಿಗೆ ಮೂತಿ ಒತ್ತಿಕೊಂಡು ನಿಂತಿತ್ತು, ಬಾಗಿಲ ಒಳಮೈಯೆಲ್ಲ ಜೊಲ್ಲಿನಿಂದ ಒದ್ದೆ. ಪಕ್ಕದ ಚಹಾ ಅಂಗಡಿಯವರು ಸಂದಿಯಿಂದಲೇ ನೀರು ಸುರಿದರು. ಮಾಲೀಕರು ಇಳಿದು ಬರುವ ಹೊತ್ತಿಗೆ ಅದು ಸೀಟಿನ ಮೇಲೆ ಕುಸಿದಿತ್ತು. ಹೊರಗೆ ತೆಗೆದು ನೆರಳಿಗೆ ಮಲಗಿಸಿ, ಹೊಟ್ಟೆಗೆ ಮತ್ತು ಪಾದಕ್ಕೆ ನೀರು ಹಾಕಿದ ಮೇಲೆ ಚೇತರಿಸಿಕೊಂಡಿತು. ಆ ಮನೆಯ ಹುಡುಗಿ ಅಳುತ್ತಿದ್ದಳು. ಅವರೇನು ಕಟುಕರಲ್ಲ, ಮುಂಚೆ ಗೊತ್ತಿದ್ದರೆ ನಾಯಿಯನ್ನು ತರುತ್ತಲೇ ಇರಲಿಲ್ಲ.

ಗಿರಿ ತಂಪು ಅಲ್ವಾ, ಕಾರಲ್ಲಿ ಇದ್ದರೆ ಏನಾಗುತ್ತೆ ಅಂತ ತುಂಬಾ ಜನ ಕೇಳುತ್ತಾರೆ. ಹೊರಗೆ ಬರೀ 24 ಡಿಗ್ರಿ ಇದ್ದರೂ ಬಿಸಿಲಿಗೆ ನಿಂತ ಕಾರಿನ ಒಳಗೆ 10 ನಿಮಿಷಕ್ಕೆ ಸುಮಾರು 34 ಡಿಗ್ರಿ ಆಗುತ್ತದೆ, ಅರ್ಧ ಗಂಟೆಯಲ್ಲಿ 43ರ ಹತ್ತಿರ ಹೋಗುತ್ತದೆ. ಗಾಜು ಸ್ವಲ್ಪ ಇಳಿಸಿದರೆ ಹೆಚ್ಚೇನೂ ಬದಲಾಗುವುದಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಸುತ್ತಲ ಗಾಳಿಯೇ ಕಾದಿದ್ದರೆ ಆ ದಾರಿಯೂ ಮುಚ್ಚಿದ ಹಾಗೆ.

ಗೇಟಿನಲ್ಲಿ ನಿಲ್ಲುವ ಸಿಬ್ಬಂದಿಯನ್ನು ನಾನು ದೂರುತ್ತಿಲ್ಲ. ಒಂದೇ ಗೇಟಿನಲ್ಲಿ ಒಬ್ಬರು ಹಗ್ಗ ಹಿಡ್ಕೊಂಡು ಹೋಗಿ ಅಂದಿದ್ದಾರೆ, ಬೇರೆ ದಿನ ಇನ್ನೊಬ್ಬರು ಆಗಲ್ಲ ಅಂದಿದ್ದಾರೆ. ಅವರ ಕೈಗೆ ಯಾರಾದರೂ ಒಂದು ಬರಹ ಕೊಟ್ಟಿದ್ದರೆ ತಾನೇ ಅವರು ಒಂದೇ ಮಾತು ಹೇಳುವುದು? ದಿನವಿಡೀ ಬಿಸಿಲಲ್ಲಿ, ಮಳೆಯಲ್ಲಿ ನಿಂತು ಪ್ರತಿ ಕಾರಿನ ಜೊತೆ ಇದೇ ವಾದ ಮಾಡುವ ಕಷ್ಟ ಅವರಿಗೂ ಬೇಡ.

ಈಗ ಇದಕ್ಕೆ ಅನುಕೂಲವೂ ಇದೆ. ಮುಳ್ಳಯ್ಯನಗಿರಿ ಕಡೆ ಹೋಗುವ ವಾಹನಗಳಿಗೆ 2025ರಿಂದ ಆನ್‌ಲೈನ್ ಬುಕಿಂಗ್ ಬಂದಿದೆ. ಎತ್ತಿನಭುಜ, ಕುದುರೆಮುಖದಂಥ ಚಾರಣಗಳಿಗೆ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಇದೆ. ಗಾಡಿ ನಂಬರ್ ಬರೆಸಿಕೊಳ್ಳುವ ಜಾಗದಲ್ಲೇ ‘ನಿಮ್ಮ ಜೊತೆ ನಾಯಿ ಇದೆಯೇ?’ ಅಂತ ದೊಡ್ಡದಾಗಿ ಒಂದು ಪ್ರಶ್ನೆ ಇರಲಿ. ಇದೆ ಅಂದವರಿಗೆ ಈ ದಾರಿಗೆ ನಾಯಿ ತರುವಂತಿಲ್ಲ, ಇಂಥ ದಾರಿಗೆ ತರಬಹುದು ಅಂತ ಅಲ್ಲೇ ಉತ್ತರ ಸಿಗಲಿ. ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ.

ಹಾಗಾದರೆ ಎಲ್ಲ ಕಡೆ ಬಿಟ್ಟುಬಿಡಿ ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಾಯಿ ಸಾಕುವವಳಾಗಿಯೇ ಹೇಳುತ್ತೇನೆ, ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಒಳಗೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ, ಎತ್ತಿನಭುಜದ ಹಾಗೆ ಕಾಡಿನ ನಡುವೆ ಹೋಗುವ ದಾರಿಗಳಲ್ಲಿ ನಾಯಿ ಬೇಡವೇ ಬೇಡ. ಹಗ್ಗ ಹಾಕಿದ್ದರೂ ಬೇಡ. ಭದ್ರಾ ಕಾಡಿನಲ್ಲಿ ಸೀಳುನಾಯಿಗಳಿವೆ, ಅಂದರೆ ಗುಂಪಿನಲ್ಲಿ ಬೇಟೆಯಾಡುವ ಕಾಡುನಾಯಿಗಳು. ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಪ್ರಕಾರ ಇಡೀ ಜಗತ್ತಿನಲ್ಲಿ ಮರಿ ಹಾಕುವ ಪ್ರಾಯದ ಸೀಳುನಾಯಿಗಳು 949ರಿಂದ 2,215, ಅಷ್ಟೇ. ಅವು ನಮ್ಮ ನಾಯಿಗಳ ದಾಯಾದಿಗಳು, ಹಾಗಾಗಿ ನಮ್ಮ ನಾಯಿಗೆ ಬರುವ ಡಿಸ್ಟೆಂಪರ್, ಪಾರ್ವೊ, ರೇಬಿಸ್‌ನಂಥ ವೈರಸ್ ರೋಗಗಳು ಅವಕ್ಕೂ ಬರುತ್ತವೆ, ಮತ್ತು ಅವಕ್ಕೆ ಲಸಿಕೆ ಹಾಕುವವರು ಯಾರೂ ಇಲ್ಲ. ಪಾರ್ವೊ ವೈರಸ್ ಹೇಲಿನ ಮೂಲಕ ಮಣ್ಣಿಗೆ ಬಿದ್ದರೆ ತಿಂಗಳುಗಟ್ಟಲೆ ಸಾಯುವುದಿಲ್ಲ. ಡಿಸ್ಟೆಂಪರ್ ಬರೀ ನಾಯಿ ಜಾತಿಗೆ ನಿಲ್ಲುವ ರೋಗವೂ ಅಲ್ಲ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಅವುಗಳಲ್ಲಿ ಕೆಲವಕ್ಕೆ ಇದೇ ವೈರಸ್ ತಗುಲಿದ್ದು ಪರೀಕ್ಷೆಯಲ್ಲಿ ಗೊತ್ತಾಯಿತು.

ಇನ್ನೊಂದು ವಿಷಯ ಇದೆ, ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಚಾರಣಿಗರು ತಾವು ತಂದ ನಾಯಿಗಿಂತ ಜಾಸ್ತಿ, ಅಲ್ಲಿನ ಊರ ನಾಯಿಗಳನ್ನು ಕಾಡಿಗೆ ಕರೆದುಕೊಂಡು ಹೋಗುತ್ತಾರೆ. ಎತ್ತಿನಭುಜಕ್ಕೆ ಹೊರಡುವ ಬೈರಾಪುರದ ಕಡೆ ನೋಡಿ. ಗಾಡಿ ಇಳಿದವರು ಒಂದು ಬಿಸ್ಕೆಟ್ ಹಾಕುತ್ತಾರೆ, ನಾಯಿ ಬಾಲ ಅಲ್ಲಾಡಿಸಿಕೊಂಡು ಹಿಂದೆ ಬರುತ್ತದೆ, ದಾರಿಯುದ್ದಕ್ಕೂ ಫೋಟೋ, ಇನ್ನೊಂದು ಬಿಸ್ಕೆಟ್. ನಾನು ಹೋಗಿದ್ದಾಗ ಹೀಗೆ ಬಂದ ಒಂದು ಕಂದು ನಾಯಿ ಕಾಡು ದಾಟಿ ಹುಲ್ಲುಗಾವಲು ಸಿಗುವ ಜಾಗದಲ್ಲಿ ಕಿವಿ ನಿಮಿರಿಸಿ ನಿಂತಿತು. ಮರುಕ್ಷಣ ಪೊದೆಯೊಳಗೆ ನುಗ್ಗಿತು. ಒಂದು ಕಾಡುಕೋಳಿ ಹೇಂಟೆ ಕೂಗಿಕೊಂಡು ಮೇಲೆದ್ದಿತು. ಗುಂಪಿನವರು ಚಪ್ಪಾಳೆ ತಟ್ಟಿ ನಕ್ಕರು. ಅದು ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ. ಪೊದೆಯ ಒಳಗೆ ಏನಿತ್ತೋ ಯಾರೂ ನೋಡಲಿಲ್ಲ. ಕೆಳಗೆ ಭೈರವೇಶ್ವರನ ಗುಡಿ ಇದೆ, ಭೈರವನಿಗೆ ನಾಯಿಯೇ ವಾಹನ, ಅಲ್ಲಿ ನಾಯಿ ಇರುವುದು ಸಹಜ ಮತ್ತು ಚೆಂದ. ಆದರೆ ಅದು ಊರಲ್ಲೇ ಇರಬೇಕು. ದಾರಿ ಶುರುವಾಗುವ ಕಡೆಯಲ್ಲೆಲ್ಲ ‘ನಾಯಿಗೆ ತಿಂಡಿ ಹಾಕಿ ಕಾಡಿಗೆ ಕರೆದುಕೊಂಡು ಹೋಗಬೇಡಿ’ ಅಂತ ಒಂದು ಬೋರ್ಡ್ ಹಾಕಿಸಿ, ಜೊತೆಗೆ ಬರುವ ಗೈಡ್‌ಗಳಿಗೂ ಹೇಳಿಸಿ. ನಾಯಿ ಹಿಂದೆ ಬಂದರೆ ವಾಪಸ್ ಓಡಿಸುವುದು ಅವರಿಗೆ ಕಷ್ಟವಲ್ಲ.

ಆ ಊರ ನಾಯಿಗಳಿಗೆ ಲಸಿಕೆಯೂ ಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 33ಎ ಕಲಂ, ಅಭಯಾರಣ್ಯದ 5 ಕಿಲೋಮೀಟರ್ ಸುತ್ತಲಿನ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕು ಅನ್ನುತ್ತದೆ. ಜಾನುವಾರು ಅಂದರೆ ಯಾವುವು ಅಂತ ಅದೇ ಕಾಯ್ದೆಯಲ್ಲಿ ಹೆಸರಿಸಿದ್ದಾರೆ. ಹಸು, ಎಮ್ಮೆ, ಕುರಿ, ಹಂದಿ, ಕೋಳಿ, ಬಾತುಕೋಳಿ ಕೂಡ ಇದೆ. ನಾಯಿಯ ಹೆಸರಿಲ್ಲ. ಹೆಸರಿಲ್ಲ ಅಂದ ಮಾತ್ರಕ್ಕೆ ಹಾಕಿಸಬಾರದು ಅಂತೇನೂ ಇಲ್ಲವಲ್ಲ. ಒಂದು ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಆದರೆ ರೇಬಿಸ್ ಹರಡುವುದು ನಿಲ್ಲುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಪಶುಪಾಲನಾ ಇಲಾಖೆಯವರು ಭದ್ರಾ ಕಾಡಿನ ಮುತ್ತೋಡಿ ಸುತ್ತಲಿನ ಹಳ್ಳಿಗಳಿಂದ ಶುರುಮಾಡಿ, ರೇಬಿಸ್ ಜೊತೆ ಡಿಸ್ಟೆಂಪರ್ ಲಸಿಕೆಯನ್ನೂ ಹಾಕಿದರೆ ಊರಿನ ಮಕ್ಕಳಿಗೂ ಒಳ್ಳೆಯದು, ಕಾಡಿಗೂ ಒಳ್ಳೆಯದು.

ಹಾಗಂತ ಇಡೀ ಜಿಲ್ಲೆಗೆ ‘ನಾಯಿ ನಿಷೇಧ’ ಅಂತ ಒಂದೇ ಸಾಲಿನ ಆದೇಶ ಹೊರಡಿಸಿದರೆ ಅದೂ ಕೆಲಸ ಮಾಡುವುದಿಲ್ಲ. ಹೋಂಸ್ಟೇಗಳು ನಾಯಿ ಕರೆದುಕೊಂಡು ಬನ್ನಿ ಅಂತ ಜಾಹೀರಾತು ಕೊಡುತ್ತಿವೆ, ಜನ ಬರುತ್ತಾರೆ. ಹೋಗಲು ಒಂದು ಒಳ್ಳೆಯ ದಾರಿ ತೋರಿಸದಿದ್ದರೆ ಗೇಟಿಲ್ಲದ ಕಳ್ಳದಾರಿ ಹಿಡಿಯುತ್ತಾರೆ. ಕಾಡಿನ ಒಳಗೆ ಹೋಗದ ಕೆಲವು ದಾರಿಗಳನ್ನು ಅರಣ್ಯ ಇಲಾಖೆ ಮತ್ತು ಪಂಚಾಯಿತಿಯವರನ್ನು ಕೂರಿಸಿಕೊಂಡು ನೀವೇ ಗುರುತಿಸಿ. ಸಖರಾಯಪಟ್ಟಣದ ಅಯ್ಯನಕೆರೆ ಏರಿಯಂಥ ಜಾಗ, ಮಾಲೀಕರು ಒಪ್ಪಿದರೆ ಕಾಫಿ ತೋಟಗಳ ನಡುವಿನ ಮಣ್ಣು ರಸ್ತೆ, ಇಂಥವು ಸಾಕು. ನಾಯಿಗೆ ಮುಳ್ಳಯ್ಯನಗಿರಿಯಂಥ 1,900 ಮೀಟರ್ ಎತ್ತರದ ತುದಿಯೇ ಬೇಕು ಅಂತಿಲ್ಲ. ಅದಕ್ಕೆ ಬೇಕಾಗಿರುವುದು ಮೂಸಲು ಹುಲ್ಲು, ಕಾಲಾಡಿಸಲು ಜಾಗ ಮತ್ತು ನಾವು. ದೇವಸ್ಥಾನದ ಆವರಣ, ದೀಪಾವಳಿಯ ದೇವೀರಮ್ಮನ ಬೆಟ್ಟದ ಜನಜಂಗುಳಿ, ಇವು ಹೇಗೂ ನಾಯಿ ತರುವ ಜಾಗಗಳಲ್ಲ, ಅದನ್ನೂ ಬರೆದುಬಿಡಿ.

ನಾಯಿ ತರಲು ಬಿಡುವ ದಾರಿಯಲ್ಲಿ ಹಗ್ಗ ಮಾತ್ರ ಕಡ್ಡಾಯ ಇರಲಿ, ಇದರಲ್ಲಿ ರಿಯಾಯಿತಿ ಬೇಡ. ನಮ್ಮದು ಯಾರಿಗೂ ಕಚ್ಚಲ್ಲ ಅನ್ನುವವರು ಜಾಸ್ತಿ. ಕಚ್ಚುವ ಮಾತೇ ಅಲ್ಲ ಇದು. ಬಿಟ್ಟ ನಾಯಿ ಪೊದೆಯಲ್ಲಿರುವ ಕರಡಿಯನ್ನೋ ಕಾಟಿಯನ್ನೋ (ಕಾಡುಕೋಣ) ಬೊಗಳಿ ಕೆಣಕುತ್ತದೆ, ಅದು ತಿರುಗಿ ಬಿದ್ದಾಗ ಓಡಿ ಬರುವುದು ಯಜಮಾನನ ಕಾಲ ಬುಡಕ್ಕೇ. ಹಿಂದೆಯೇ ಕರಡಿಯೂ ಬರುತ್ತದೆ. ಚಿರತೆಗಂತೂ ನಾಯಿ ಅಂದರೆ ಸುಲಭದ ಊಟ, ತೋಟದ ಕೆಲಸಗಾರರ ಲೈನ್ ಮನೆಗಳವರನ್ನು ಕೇಳಿದರೆ ಹೇಳುತ್ತಾರೆ. ಕತ್ತಲಾಗುವ ಮೊದಲೇ ಎಲ್ಲರೂ ಹೊರಗೆ ಬರಬೇಕು ಅಂತಲೂ ಇರಲಿ. ಲಸಿಕೆ ಪುಸ್ತಕದ ಫೋಟೋ ಬುಕಿಂಗ್‌ನಲ್ಲೇ ಹಾಕಿಸಿಕೊಳ್ಳಿ. ಹೇಲನ್ನು ಚೀಲದಲ್ಲಿ ತುಂಬಿಕೊಂಡು ವಾಪಸ್ ತರುವುದು ಮಾಲೀಕರ ಕೆಲಸ, ತರದವರಿಗೆ ದಂಡ ಹಾಕಿ.

ಉಣುಗಿನ ವಿಷಯವನ್ನೂ ಅದೇ ಬೋರ್ಡಿನಲ್ಲಿ ಸೇರಿಸಿ. ಉಣುಗು ಕಚ್ಚಿ ಮನುಷ್ಯರಿಗೆ ಬರುವ ಜ್ವರವಾದ ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾಯಿತು, ನಮ್ಮ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಈಗಲೂ ಕಾಣಿಸಿಕೊಳ್ಳುತ್ತದೆ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ, ತರಗೆಲೆ ಒಣಗಿದ ಕಾಲದಲ್ಲೇ ಇದರ ಕಾಟ ಜಾಸ್ತಿ. ತರಗೆಲೆಯಲ್ಲಿ ಓಡಾಡಿದ ನಾಯಿ ಉಣುಗನ್ನು ಮೈಮೇಲೆ ಹೊತ್ತು ನೇರ ಮನೆಯ ಸೋಫಾಕ್ಕೆ ತರುತ್ತದೆ. ಆ ತಿಂಗಳುಗಳಲ್ಲಿ ಆ ತಾಲ್ಲೂಕುಗಳ ಕಾಡಂಚಿಗೆ ನಾಯಿ ಕರೆದುಕೊಂಡು ಹೋಗಬೇಡಿ ಅಂತ ಸ್ಪಷ್ಟವಾಗಿ ಹೇಳಬೇಕು. ಮಳೆಗಾಲದಲ್ಲಿ ಇಂಬಳ, ಅಂದರೆ ಕಾಡಿನ ಜಿಗಣೆ. ಕಾಲಿಗೆ ಹತ್ತಿದರೆ ಉಪ್ಪು ಹಾಕಿ ಬಿಡಿಸಬಹುದು, ನಾಯಿಯ ಮೂಗಿನೊಳಗೆ ಹೊಕ್ಕರೆ ಡಾಕ್ಟರ ಹತ್ತಿರವೇ ಹೋಗಬೇಕು. ಹೊರಗಿನಿಂದ ಬರುವವರಿಗೆ ಇದು ಹೇಗೆ ಗೊತ್ತಿರುತ್ತೆ ಹೇಳಿ. ಹತ್ತಿರದ ಪಶು ಆಸ್ಪತ್ರೆಯ ಫೋನ್ ನಂಬರ್ ಬೋರ್ಡಿನ ಕೆಳಗೆ ಇದ್ದರೆ ಎಷ್ಟೋ ಉಪಕಾರ.

ಹೋಂಸ್ಟೇ ಮಾಲೀಕರನ್ನು ಕರೆಸಿ ಒಂದು ಸಭೆ ಮಾಡಿ. ನಾಯಿ ತರಲು ಬಿಡುವವರು ಈ ಪಟ್ಟಿಯನ್ನು ರೂಮ್ ಬುಕ್ ಮಾಡಿದ ದಿನವೇ ಅತಿಥಿಗಳಿಗೆ ವಾಟ್ಸ್‌ಆ್ಯಪ್ ಮಾಡಲಿ, ಗಿರಿಗೆ ಹೋಗುವ ಹೊತ್ತು ನಾಯಿಯನ್ನು ನೋಡಿಕೊಳ್ಳಲು ಒಂದು ನೆರಳಿನ ಜಾಗ ಕೊಡಲಿ. ಸಂಬಳಕ್ಕೆ ಯಾರನ್ನಾದರೂ ಇಟ್ಟರೆ ಊರಿನ ಹುಡುಗರಿಗೆ ಕೆಲಸವೂ ಆಗುತ್ತದೆ.

ಮಳೆ ನಿಂತು ದಸರಾ ರಜೆ ಶುರುವಾದರೆ ಗಿರಿ ರಸ್ತೆಯಲ್ಲಿ ಗಾಡಿಗಳ ಸಾಲು ನಿಲ್ಲುತ್ತದೆ. ಅಷ್ಟರೊಳಗೆ ಪಟ್ಟಿ ಹೊರಬರಲಿ. ಎಲ್ಲ ದಾರಿಗಳದ್ದೂ ಒಟ್ಟಿಗೆ ಆಗದಿದ್ದರೆ ಮೊದಲು ಮುಳ್ಳಯ್ಯನಗಿರಿಯದ್ದೊಂದನ್ನು ಮಾಡಿ, ಬುಕಿಂಗ್ ಪುಟದಲ್ಲಿ ಆ ಒಂದು ಪ್ರಶ್ನೆ ಹಾಕಿಸಿ. ಕನ್ನಡದಲ್ಲಿ ಬರೆದುಕೊಡಲು, ಬೋರ್ಡ್ ನಿಲ್ಲಿಸುವ ದಿನ ಬಂದು ಗುಂಡಿ ತೋಡಲು ನಾಯಿ ಸಾಕುವ ನಾವು ಕೆಲವರು ತಯಾರಿದ್ದೇವೆ. ಯಾವತ್ತು ಬರಬೇಕು ಅಂತ ತಿಳಿಸಿ.

ಇತಿ,
ಚಿಕ್ಕಮಗಳೂರಿನ ಒಬ್ಬ ನಿವಾಸಿ