ಪಂಚನಾಮೆಗೆ ಓದದೆ ಸಹಿ ಹಾಕಿದವನ ಪತ್ರ

ಮಾನ್ಯ ಸಂಪಾದಕರೇ,

ಗಂಗಾವತಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. 26 ವರ್ಷದಿಂದ ಜೋಳ, ಗೋಧಿ ಬೀಸುತ್ತಿದ್ದೇನೆ. ಗಿರಣಿ ರಸ್ತೆಗೇ ಇದೆ, ನಾನೂ ದಿನವಿಡೀ ಅಲ್ಲೇ ಇರುತ್ತೇನೆ. ಹಾಗಾಗಿ ಪೊಲೀಸರಿಗೆ ಪಂಚರು, ಅಂದರೆ ಅವರು ಹುಡುಕಿ ಜಪ್ತಿ ಮಾಡುವುದನ್ನು ನೋಡಿ ಪಂಚನಾಮೆ ಎಂಬ ವರದಿಗೆ ಸಹಿ ಹಾಕುವ ಸಾಕ್ಷಿಗಳು, ಬೇಕಾದಾಗ ಮೊದಲು ನೆನಪಾಗುವುದು ನಾನೇ. ಇದುವರೆಗೆ ಮೂರು ಸಲ ಹೋಗಿದ್ದೇನೆ. ಮೊದಲ ಎರಡರ ಬಗ್ಗೆ ಹೇಳುವಂಥದ್ದೇನಿಲ್ಲ. ಮೂರನೆಯದನ್ನು ಬರೆಯದೆ ಇರಲು ಆಗುತ್ತಿಲ್ಲ. ಅದರ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಕಳೆದ ವರ್ಷ, ಭತ್ತದ ಕೊಯ್ಲಿನ ದಿನಗಳು. ಮಧ್ಯಾಹ್ನ ಮೂರು ಗಂಟೆ ಇರಬಹುದು. ಪೇದೆಯೊಬ್ಬರು ಬಂದು "ಐದು ನಿಮಿಷ ಬರ್ರಿ ಅಣ್ಣಾರ, ಪಂಚನಾಮೆ ಐತಿ" ಎಂದರು. ಮೋಟಾರು ಬಂದ್ ಮಾಡಿ, ಕೈ ಒರೆಸಿಕೊಂಡು ಹೊರಟೆ. ಹೋಗಿದ್ದು ಹಿಂದಿನ ಓಣಿಯ ಅಜ್ಜಿಯ ಮನೆಗೆ. ವಾರಕ್ಕೊಮ್ಮೆ ನಮ್ಮ ಗಿರಣಿಗೆ ಜೋಳ ತರುವ ಅಜ್ಜಿ. ಆಕೆಯ ತಂಗಿಯ ಮಗನ ಮೇಲೆ ಪಂಪ್‌ಸೆಟ್ ಕೇಬಲ್ ಕದ್ದ ಕೇಸಿತ್ತು. ಅವನು ಆಗಾಗ ಅಲ್ಲಿ ಬಂದು ಮಲಗುತ್ತಿದ್ದನಂತೆ.

ಟ್ರಂಕು ತೆಗೆದರು, ಅಟ್ಟ ನೋಡಿದರು. ತಾಮ್ರದ ತಂತಿಯ ಎರಡು ಸುರುಳಿ ಸಿಕ್ಕವು, ಒಂದು ಹಳೇ ಮೊಬೈಲ್ ಸಿಕ್ಕಿತು. ಆಮೇಲೆ ಜೋಳದ ಚೀಲಕ್ಕೆ ಕೈ ಹಾಕಿದರು. ಒಳಗೊಂದು ಸ್ಟೀಲ್ ಡಬ್ಬಿ, ಅದರಲ್ಲಿ ನೋಟುಗಳು. "ಅದು ನನ್ನ ಚೀಟಿ ರೊಕ್ಕ ರೀ" ಎಂದು ಅಜ್ಜಿ ಮೂರು ಸಲ ಹೇಳಿದರು. ಎಣಿಸಿ ಕಟ್ಟಿಕೊಂಡರು. ಒಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಮಹಿಳಾ ಪೇದೆಯೂ ಇದ್ದರು. ಯಾರೂ ಒರಟಾಗಿ ಮಾತಾಡಲಿಲ್ಲ, ಅದನ್ನೂ ಹೇಳಬೇಕು.

ನಾಲ್ಕು ಪುಟ ಬರೆದು "ಇಲ್ಲೊಂದು, ಇಲ್ಲೊಂದು" ಎಂದು ಸಹಿ ತೋರಿಸಿದರು. ಕನ್ನಡಕ ಗಿರಣಿಯಲ್ಲೇ ಉಳಿದಿತ್ತು. ಗಿರಣಿ ಮುಂದೆ ಜನ ಡಬ್ಬಿ ಇಟ್ಟುಕೊಂಡು ಕಾಯುತ್ತಿರುತ್ತಾರೆ ಅನ್ನುವುದೇ ತಲೆಯಲ್ಲಿ. ಸುಮ್ನೆ ಸಹಿ ಹಾಕಿದೆ. ಪ್ರತಿ ಪುಟದ ಮೇಲೂ ನನ್ನ ಹೆಬ್ಬೆರಳಿನ ಹಿಟ್ಟು ಹತ್ತಿತು. ಅಜ್ಜಿಯ ಕೈಗೆ ಒಂದು ಚೂರು ಕಾಗದವೂ ಬರಲಿಲ್ಲ. ಕೊಡಬೇಕು ಅನ್ನುವುದು ನನಗೂ ಗೊತ್ತಿರಲಿಲ್ಲ.

ಇಪ್ಪತ್ತು ದಿನದ ಮೇಲೆ ಅಜ್ಜಿ ಗಿರಣಿಗೆ ಬಂದರು. ಜೋಳ ತಂದಿರಲಿಲ್ಲ. "ತಮ್ಮಾ, ನೀನೇ ಸಹಿ ಮಾಡೀಯಲ್ಲ. ನನ್ನ ರೊಕ್ಕ ಅದ್ರಾಗ ಬರ್ದಾರೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಠಾಣೆಗೆ ಹೋದರೆ "ಕೋರ್ಟಿಗೆ ಕಳಿಸೀವಿ, ಅಲ್ಲಿ ಕೇಳ್ರಿ" ಎಂದರಂತೆ. ಕೋರ್ಟಿನಲ್ಲಿ ಕೇಸ್ ನಂಬರ್ ಕೇಳಿದರಂತೆ. ಅದು ಆಕೆಗೆ ಎಲ್ಲಿಂದ ಗೊತ್ತಿರಬೇಕು? ಡಿಗ್ರಿ ಓದುವ ಮೊಮ್ಮಗ ಇ-ಕೋರ್ಟ್ಸ್ ಆ್ಯಪ್ ತೆಗೆದು ಅಜ್ಜಿಯ ಹೆಸರು ಹಾಕಿ ನೋಡಿದ. ಏನೂ ಬರಲಿಲ್ಲ. ಅವನು "ಹಂಗಾರ ಕೇಸೇ ಇಲ್ಲ" ಅಂದುಬಿಟ್ಟ. ಅಲ್ಲಿಗೆ ಅಜ್ಜಿಯ ನಿದ್ದೆ ಪೂರ್ತಿ ಹೋಯಿತು. ಕೇಸೇ ಇಲ್ಲ ಅಂದರೆ ರೊಕ್ಕ ಎಲ್ಲಿ ಹೋಯಿತು ಅಂತ.

ಕೊನೆಗೆ ನಾನೇ ಅವರನ್ನು ತಾಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ. ಇದು 1987ರ ಕಾಯ್ದೆಯಿಂದ ಬಂದ ಹಕ್ಕು. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಅಲ್ಲಿ ಸಿಕ್ಕ ವಕೀಲೆಯಮ್ಮ ಹೇಳಿದ್ದನ್ನು ಗಿರಣಿಯ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಂಡಿದ್ದೇನೆ. ಅದನ್ನು ನಿಮ್ಮ ಓದುಗರಿಗೂ ಹೇಳಬೇಕೆಂದೇ ಈ ಪತ್ರ.

ವಾರಂಟ್ ಇಲ್ಲದೆ ಪೊಲೀಸರು ಮನೆ ಹೊಕ್ಕಂಗಿಲ್ಲ ಅಂತ ನಾವೆಲ್ಲ ಸಿನಿಮಾ ನೋಡಿ ನಂಬಿದ್ದೇವೆ, ಅಲ್ವಾ? ಪೂರ್ತಿ ನಿಜ ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ (ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಕಾಯ್ದೆ) ಎರಡು ದಾರಿ ಇವೆ. ಒಂದು, ಕೋರ್ಟು ಕೊಡುವ ಸರ್ಚ್ ವಾರಂಟ್. ಅದು ಕಲಂ 96. ಅದರ ಮೇಲೆ ನ್ಯಾಯಾಧೀಶರ ಸಹಿ, ಕೋರ್ಟಿನ ಮುದ್ರೆ ಇರಬೇಕು. ಬಾಗಿಲು ತೆರೆಸುವ ಮುಂಚೆ ಅದನ್ನು ತೋರಿಸಬೇಕು. ಇನ್ನೊಂದು ಕಲಂ 185. ತನಿಖೆಗೆ ಬೇಕಾದ ವಸ್ತು ಇಂಥ ಕಡೆ ಇದೆ, ತಡ ಮಾಡಿದರೆ ಸಿಗುವುದಿಲ್ಲ ಎಂದು ಅನಿಸಿದರೆ ತನಿಖಾಧಿಕಾರಿ ವಾರಂಟ್ ಇಲ್ಲದೆಯೂ ಝಡತಿ, ಅಂದರೆ ಹುಡುಕಾಟ, ಮಾಡಬಹುದು. ಆದರೆ ಯಾಕೆ ಅನ್ನುವುದನ್ನು ಮೊದಲೇ ಬರೆದಿಡಬೇಕು. ಆ ಬರಹದ ನಕಲು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮನೆಯವರು ಅರ್ಜಿ ಹಾಕಿದರೆ ಅದರ ಒಂದು ಪ್ರತಿಯನ್ನು ಅವರಿಗೆ ಪುಕ್ಕಟೆ ಕೊಡಬೇಕು. ಅಜ್ಜಿಯ ಮನೆಗೆ ಬಂದದ್ದು ಈ ಎರಡನೇ ದಾರಿಯಲ್ಲಿ.

ಎರಡರಲ್ಲೂ ಒಂದೇ ಇರುವ ನಿಯಮಗಳು ಕಲಂ 103ರಲ್ಲಿವೆ. ಓಣಿಯ ಇಬ್ಬರಾದರೂ ಗೌರವಸ್ಥರು ಪಂಚರಾಗಿರಬೇಕು. (ಕಾನೂನಿನಲ್ಲೇ 'ಗೌರವಸ್ಥರು' ಅಂತ ಇದೆಯಂತೆ. ಮನೆಯಲ್ಲಿ ಹೇಳಿದೆ, ಹೆಂಡತಿ ನಕ್ಕಳು.) ಜಪ್ತಿ ಮಾಡಿದ ವಸ್ತುಗಳ ಪಟ್ಟಿ ಪಂಚರ ಕಣ್ಣೆದುರಿಗೆ ಆಗಬೇಕು. ಝಡತಿ ನಡೆಯುವಾಗ ಮನೆಯವರಿಗೆ ಅಲ್ಲೇ ಇರಲು ಬಿಡಬೇಕು. ಪಟ್ಟಿಯ ಒಂದು ಪ್ರತಿ ಮನೆಯವರಿಗೆ ಕೊಡಲೇಬೇಕು. ಅದಕ್ಕೆ ಅರ್ಜಿ ಬೇಡ, ಓಡಾಟ ಬೇಡ. ಕಲಂ 105ರ ಪ್ರಕಾರ ಝಡತಿ ಅಷ್ಟೇ ಅಲ್ಲ, ಪಟ್ಟಿ ಬರೆಯುವುದು, ಪಂಚರು ಸಹಿ ಹಾಕುವುದು ಕೂಡ ವಿಡಿಯೋ ಆಗಬೇಕು. ಅಂದರೆ ನಾನು ಓದದೆ ಸಹಿ ಹಾಕಿದ್ದು ಎಲ್ಲೋ ಒಂದು ಕಡೆ ವಿಡಿಯೋದಲ್ಲಿ ಇದೆ.

ಆ್ಯಪಿನಲ್ಲಿ ಯಾಕೆ ಸಿಗಲಿಲ್ಲ ಅನ್ನುವುದೂ ತಿಳಿಯಿತು. ಅಜ್ಜಿ ಆರೋಪಿಯಲ್ಲ, ಹಾಗಾಗಿ ಅವರ ಹೆಸರಿನಲ್ಲಿ ಕೇಸಿಲ್ಲ. ಅವರ ತಂಗಿಯ ಮಗನ ಕೇಸಿಗೆ ಆಗ ಚಾರ್ಜ್‌ಶೀಟೂ ಆಗಿರಲಿಲ್ಲ. ಅದೂ ಅಲ್ಲದೆ ಆ್ಯಪಿನಲ್ಲಿ ಕೇಸಿನ ತಾರೀಕು, ಆದೇಶ ಸಿಗುತ್ತವೆಯೇ ಹೊರತು ಝಡತಿಯ ಕಾಗದ ಯಾರು ಬೇಕಾದರೂ ನೋಡುವಂತೆ ಇರುವುದಿಲ್ಲ. ಸಿಗುವುದು ಎಫ್‌ಐಆರ್. 24 ಗಂಟೆಯೊಳಗೆ ಎಫ್‌ಐಆರ್ ಅನ್ನು ವೆಬ್‌ಸೈಟಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಅತ್ಯಾಚಾರ, ಪೋಕ್ಸೊದಂಥ ಸೂಕ್ಷ್ಮ ಕೇಸುಗಳಿಗೆ ಮಾತ್ರ ವಿನಾಯಿತಿ. ಮೊಮ್ಮಗ ರಾಜ್ಯ ಪೊಲೀಸರ ವೆಬ್‌ಸೈಟಿನಲ್ಲಿ ಅಜ್ಜಿಯ ತಂಗಿಯ ಮಗನ ಎಫ್‌ಐಆರ್ ತೆಗೆದ. ಅದರಲ್ಲಿ ಕ್ರೈಂ ನಂಬರ್ ಇತ್ತು, ಯಾವ ಕೋರ್ಟು ಅಂತ ಇತ್ತು. ಅದೊಂದು ನಂಬರ್ ಕೈಯಲ್ಲಿ ಹಿಡಿದು ಹೋದ ಮೇಲೆ ಕೋರ್ಟಿನವರು ಕೂರಿಸಿ ಮಾತಾಡಿದರು. ವಕೀಲೆಯಮ್ಮ ಪಂಚನಾಮೆಯ ನಕಲಿಗೆ ಅರ್ಜಿ ಹಾಕಿದರು.

ನಕಲು ಬಂದ ದಿನ ಅಜ್ಜಿ ಸೀದಾ ಗಿರಣಿಗೇ ತಂದರು. ಕನ್ನಡಕ ಹಾಕಿಕೊಂಡು ಓದಿದೆ. ಮೂರನೇ ಪುಟದಲ್ಲಿತ್ತು. 500ರ ನೋಟು 35, 100ರ ನೋಟು 10, ಒಟ್ಟು 18,500 ರೂಪಾಯಿ. ಒಂದು ರೂಪಾಯಿ ಹೆಚ್ಚುಕಡಿಮೆ ಇಲ್ಲ. ಜೋಳದ ಚೀಲದಲ್ಲಿ ಸಿಕ್ಕಿದ್ದು, ತನ್ನ ಚೀಟಿ ಹಣ ಎಂದು ಮನೆಯಾಕೆ ಹೇಳಿದ್ದು, ಎಲ್ಲ ಬರೆದಿದ್ದರು. ಅಜ್ಜಿ ಇನ್ನೊಮ್ಮೆ ಓದಿಸಿದರು. ನಕಲಿನಲ್ಲಿ ನನ್ನ ಸಹಿ ಕಂಡಿತು, ಹಿಟ್ಟು ಕಾಣಲಿಲ್ಲ.

ಬರೆದವರು ಸರಿಯಾಗೇ ಬರೆದಿದ್ದರು. ಅದನ್ನು ಅವತ್ತೇ ಕೈಗೆ ಕೊಟ್ಟಿದ್ದರೆ? ಝೆರಾಕ್ಸಿಗೆ ಹತ್ತು ರೂಪಾಯಿಯೂ ಆಗುತ್ತಿರಲಿಲ್ಲ. ಅದರ ಬದಲು ಒಂದು ಮುದಿ ಜೀವ ಐದು ತಿಂಗಳು ಪೊಲೀಸರನ್ನು ಕಳ್ಳರು ಅಂದುಕೊಂಡಿತು. ನನ್ನನ್ನೂ ಅಂದುಕೊಂಡಿರಬೇಕು. ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೇ.

ನಿಜವಾದ ಕಾಗದ ಹೇಗಿರುತ್ತದೆ ಅಂತ ಗೊತ್ತಿಲ್ಲದ್ದಕ್ಕೇ ಈಗ ವಾಟ್ಸಾಪಿನಲ್ಲಿ ವಾರಂಟ್ ಕಳಿಸಿ ಜನರನ್ನು ದೋಚುವವರು ಹುಟ್ಟಿಕೊಂಡಿದ್ದಾರೆ. ಫೋನಿನಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಎಂದು ಹೆದರಿಸುವ ಡಿಜಿಟಲ್ ಅರೆಸ್ಟ್ ಅನ್ನುವುದು ಯಾವ ಕಾನೂನಿನಲ್ಲೂ ಇಲ್ಲ. ಅಂಥ ಫೋನ್ ಬಂದರೆ ಇಟ್ಟುಬಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಿ.

ನಮ್ಮ ಜಿಲ್ಲೆಯ ಪೊಲೀಸ್ ಅಧಿಕಾರಿಗಳಿಗೆ ನನ್ನ ವಿನಂತಿ ಇಷ್ಟೇ. ಪಂಚನಾಮೆ ಪುಸ್ತಕಕ್ಕೆ ಒಂದು ಕಾರ್ಬನ್ ಹಾಳೆ ಕೊಡಿಸಿ. ಪಟ್ಟಿಯ ಪ್ರತಿಯನ್ನು ಮನೆಯವರ ಕೈಗೆ ಕೊಟ್ಟ ಮೇಲೇ ಜೀಪ್ ಹತ್ತಲಿ. ಓದು ಬಾರದವರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಲಿ. ಪ್ರತಿ ಠಾಣೆಯ ಬಾಗಿಲಲ್ಲಿ ಇಷ್ಟನ್ನು ಕನ್ನಡದಲ್ಲಿ ಬರೆದು ಹಾಕಲಿ.

ಅಜ್ಜಿಯ ರೊಕ್ಕ ಇನ್ನೂ ಬಂದಿಲ್ಲ. ಬಿಡಿಸಿಕೊಳ್ಳುವ ಅರ್ಜಿ ಕೋರ್ಟಿನಲ್ಲಿದೆ.

ಪಂಚನಾಗಿ ಮತ್ತೆ ಕರೆದರೆ ಹೋಗುತ್ತೇನೆ. ಲಿಖಿತ ಆದೇಶ ಕೊಟ್ಟು ಕರೆದಾಗ ಕಾರಣವಿಲ್ಲದೆ ಒಲ್ಲೆ ಅಂದರೆ ಅದೂ ಅಪರಾಧವಂತೆ. ಆದರೆ ಕನ್ನಡಕ ಹಾಕಿಕೊಂಡೇ ಹೋಗುತ್ತೇನೆ. ನಾಲ್ಕೂ ಪುಟ ಓದಿಯೇ ಸಹಿ ಹಾಕುತ್ತೇನೆ. ಗಿರಣಿ ಮುಂದೆ ಡಬ್ಬಿ ಇಟ್ಟವರು ಸ್ವಲ್ಪ ಕಾಯಬೇಕಾಗುತ್ತದೆ.

— ಒಬ್ಬ ಗಿರಣಿಯವ, ಗಂಗಾವತಿ, ಕೊಪ್ಪಳ ಜಿಲ್ಲೆ