ಮನೆಯಲ್ಲಿ ಆಮ್ಲಜನಕ ಎಂದಷ್ಟೇ ಬರೆಯಬೇಡ

ಬದಿಯಡ್ಕ

ಪ್ರೀತಿಯ ಮಗಳೇ,

ಆಶೀರ್ವಾದಗಳು. ಮಂಗಳೂರಿನಲ್ಲಿ ಶ್ವಾಸಕೋಶ ವಿಭಾಗಕ್ಕೆ ಸೇರಿದೆಯೆಂದು ತಿಳಿದು ತುಂಬ ಸಂತೋಷವಾಯಿತು. ಗಡಿಯ ಈಚೆ, ಕೇರಳದ ಕಾಸರಗೋಡಿನ ನಮ್ಮ ಕಡೆಯವರು ನಿಮ್ಮಲ್ಲಿಂದ ತರುವ ಡಿಸ್ಚಾರ್ಜ್ ಚೀಟಿಗಳ ಬಗ್ಗೆ ವೈದ್ಯನಾಗಿ ನಿನಗೊಂದು ಮಾತು ಹೇಳಬೇಕು.

‘ಸಿಒಪಿಡಿ, ಮನೆಯಲ್ಲಿ ಆಮ್ಲಜನಕ’ ಎಂದಷ್ಟೇ ಬರೆದ ಚೀಟಿ ಅರ್ಧ ಚೀಟಿ. ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ, ಇರುವವರಿಗೆಲ್ಲ ಮನೆಯಲ್ಲಿ ಆಮ್ಲಜನಕ ಕೊಡುವ ಯಂತ್ರ ಬೇಕಾಗುವುದಿಲ್ಲ. ಬೀಡಿಯ ಹೊಗೆಯೋ ಸೌದೆ ಒಲೆಯ ಹೊಗೆಯೋ ತಿಂದ ಶ್ವಾಸಕೋಶ ಕುಳಿತಲ್ಲೇ ರಕ್ತಕ್ಕೆ ಆಮ್ಲಜನಕ ಒದಗಿಸಲಾರದ ಸ್ಥಿತಿಗೆ ಬಂದಿದ್ದರೆ, ‘ದೀರ್ಘಕಾಲೀನ ಉಸಿರಾಟ ವೈಫಲ್ಯ’ ಎಂದು ರೋಗನಿರ್ಣಯದ ಸಾಲಿನಲ್ಲೇ ಬರೆ. ಆಧಾರವನ್ನೂ ಕೊಡು: ವಿಶ್ರಾಂತಿಯಲ್ಲಿ, ಯಂತ್ರವಿಲ್ಲದೆ ಅಳೆದ ಅಂಕಿ. ಅಪಧಮನಿಯ ಆಮ್ಲಜನಕದ ಒತ್ತಡ ಪಾದರಸದ 55 ಮಿ.ಮೀ. ಅಥವಾ ಕಡಿಮೆ, ಇಲ್ಲವೇ ಸ್ಯಾಚುರೇಶನ್ (ರಕ್ತ ಹೊತ್ತಿರುವ ಆಮ್ಲಜನಕದ ಶೇಕಡಾ ಪ್ರಮಾಣ) ಶೇ. 88 ಅಥವಾ ಕಡಿಮೆ ಇದ್ದರೆ ಮನೆಯ ಆಮ್ಲಜನಕಕ್ಕೆ ಕಾರಣ ಸ್ಪಷ್ಟ. ನಡೆದಾಗ ಮಾತ್ರ ಇಳಿಯುವುದಾದರೆ ಹಾಗೆಯೇ ಬರೆ. ಎರಡನ್ನೂ ಒಂದೇ ಮಾಡಬೇಡ. ಕಾಯಿಲೆ ಉಲ್ಬಣಿಸಿದ ವಾರದಲ್ಲಿ ಯಂತ್ರ ಕೊಟ್ಟಿದ್ದರೆ 60ರಿಂದ 90 ದಿನಗಳೊಳಗೆ ಮತ್ತೆ ಅಳೆಯಬೇಕೆಂದೂ ನಮೂದಿಸು.

ಇಂಗಾಲದ ಡೈಆಕ್ಸೈಡಿನ ಅಂಕಿಯನ್ನಂತೂ ಮರೆಯಲೇಬೇಡ. ನಡುರಾತ್ರಿ ಉಬ್ಬಸ ಹೆಚ್ಚಿದರೆ ನಮ್ಮವರು ಓಡುವುದು ಹತ್ತಿರದ ಆಸ್ಪತ್ರೆಗೆ. ಪಾಳಿಯ ವೈದ್ಯರ ಮಾತು ಮಲಯಾಳ, ಮನೆಯವರದು ತುಳುವೋ ಕನ್ನಡವೋ. ಗಾಬರಿಯಲ್ಲಿ ಇಬ್ಬರ ನಡುವೆ ಇರುವುದು ಆ ಚೀಟಿಯೊಂದೇ. ರಕ್ತದಲ್ಲಿ ಡೈಆಕ್ಸೈಡ್ ಸಹಜಕ್ಕಿಂತ ಹೆಚ್ಚಾಗಿ 60 ಮಿ.ಮೀ. ಎಂದು ಬಂದರೆ, ಅದು ಈಗ ಏರಿದ್ದೋ, ವರ್ಷಗಳಿಂದ ಇದ್ದು, ಆಮ್ಲತೆ ತಗ್ಗಿಸುವ ಬೈಕಾರ್ಬೊನೇಟ್ ಏರಿ ಪಿಎಚ್ (ರಕ್ತದ ಆಮ್ಲತೆಯ ಅಳತೆ) ಸರಿದೂಗಿದ್ದೋ ಎಂದು ಅವರು ಹೇಗೆ ತಿಳಿಯಬೇಕು? ತಿಳಿಯದೆ ಆಮ್ಲಜನಕವನ್ನು ಧಾರಾಳವಾಗಿ ಬಿಟ್ಟರೆ ಡೈಆಕ್ಸೈಡ್ ಇನ್ನೂ ಏರಿ ರೋಗಿ ಮಂಪರಿಗೆ ಜಾರಬಹುದು. ಅಂಥವರ ಚೀಟಿಯಲ್ಲಿ ‘ಸ್ಯಾಚುರೇಶನ್ ಗುರಿ ಶೇ. 88ರಿಂದ 92’ ಎಂದು ದಪ್ಪಕ್ಷರದಲ್ಲಿ ಇರಲಿ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ತಲಪಾಡಿಯ ರಾಜ್ಯಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದವರು ಇತ್ತ ಉಳಿದುಬಿಟ್ಟರು. ರೋಗಿಯನ್ನು ಮುಂದೆಯೂ ನೀನೇ ನೋಡುತ್ತೀ ಎಂಬ ಭರವಸೆಯಲ್ಲಿ ಏನನ್ನೂ ನೆನಪಿಗೆ ಬಿಡಬೇಡ.

ನಿಮಿಷಕ್ಕೆ ಎಷ್ಟು ಲೀಟರ್, ದಿನಕ್ಕೆ ಎಷ್ಟು ಗಂಟೆ ಎಂಬುದು ಮನೆಯವರು ಓದುವ ಭಾಷೆಯಲ್ಲೂ ಇರಲಿ. ಚಟವಾಗುತ್ತದೆ, ಕರೆಂಟು ಬಿಲ್ಲು ಏರುತ್ತದೆ ಎಂದು ಯಂತ್ರ ಆರಿಸುವವರು ಇಲ್ಲಿ ಬಹಳ. ದಿನಕ್ಕೆ 15 ಗಂಟೆ ಆಮ್ಲಜನಕ ಪಡೆದವರು ಹೆಚ್ಚು ಕಾಲ ಬದುಕಿದರೆಂದು ಬ್ರಿಟನ್ನಿನ 1981ರ ಅಧ್ಯಯನವೇ ತೋರಿಸಿದೆ. ಅದನ್ನು ಅವರಿಗೆ ಬಾಯಿಮಾತಿನಲ್ಲೂ ಹೇಳಿ ಕಳಿಸು.

ನಿನ್ನ ದೊಡ್ಡಪ್ಪ