ಶಿಳ್ಳೆ ಹೊಡೆಯಬೇಡಿ ಎಂದ ಕವಿ

ಪ್ರೀತಿಯ ತಮ್ಮನಿಗೆ,

ನೀನು ಕಳಿಸಿದ ಎರಡೂ ವಿಡಿಯೊ ನೋಡಿದೆ. ಮೊದಲನೆಯದನ್ನು ಒಂದು ಸಲ, ಎರಡನೆಯದನ್ನು ನಾಲ್ಕು ಸಲ.

ಮೊದಲನೆಯದರಲ್ಲಿ ದೊಡ್ಡ ವೇದಿಕೆ, ಬಣ್ಣದ ದೀಪ, ಹಿಂದೆ ಕೀಬೋರ್ಡು, ರಿದಮ್ ಪ್ಯಾಡು. ನಿನ್ನ ಕವಿತೆ ಅದರ ಅಡಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಜನ ಮಾತ್ರ ಚೆನ್ನಾಗಿ ಶಿಳ್ಳೆ ಹೊಡೆದಿದ್ದಾರೆ. ಎರಡನೆಯದು ನಿಮ್ಮ ಅಡುಗೆಮನೆ ಪಕ್ಕದ ಕೋಣೆ ಇರಬೇಕು. ನೀನು, ನಿನ್ನ ಹಳೇ ಹಾರ್ಮೋನಿಯಂ ಪೇಟಿ, ಅಪ್ಪನ ಚಪ್ಪಲಿಯ ಮೇಲಿನ ಆ ಕವಿತೆ. ನಡುವೆ ಎರಡು ಸಲ ಕುಕ್ಕರ್ ಕೂಗುತ್ತದೆ. ನೀನು ಹಾಡು ನಿಲ್ಲಿಸಿ, ಅದರ ಕೂಗು ಮುಗಿಯಲಿ ಎಂದು ಕಾದು, ಆಮೇಲೆ ಮುಂದಿನ ಸಾಲಿಗೆ ಹೋಗಿದ್ದೀಯ. ನಾಲ್ಕು ಸಲ ನೋಡಿದ್ದು ಆ ಕಾಯುವಿಕೆಗೆ.

ದೊಡ್ಡ ಸಭೆ ಹಿಡಿಯಬೇಕಾದರೆ ವಾದ್ಯ, ದನಿ ಎಲ್ಲ ಜಾಸ್ತಿ ಮಾಡಬೇಕಾ ಸರ್, ಶಾಲೆ ಕೆಲಸ ಬಿಟ್ಟುಬಿಡಲಾ ಸರ್ ಅಂತ ಕೇಳಿದ್ದೀಯ. ನಿನಗೆ ಸ್ಕಾಟ್ಲೆಂಡಿನ ಒಬ್ಬ ಮೇಷ್ಟ್ರ ಕತೆ ಹೇಳಬೇಕು. ಅವನೂ ಪೇಟಿಯವನೇ.

ಹೆಸರು ಐವರ್ ಕಟ್ಲರ್. ಹುಟ್ಟಿದ್ದು 1923ರಲ್ಲಿ, ಗ್ಲಾಸ್ಗೋ ನಗರದ ಗೋವನ್‌ನಲ್ಲಿ. ಪೂರ್ವ ಯುರೋಪಿನಿಂದ ಬಂದ ಯಹೂದಿ ಮನೆತನ. ಯುದ್ಧದ ಕಾಲದಲ್ಲಿ ವಾಯುಪಡೆ ಸೇರಿ ವಿಮಾನಕ್ಕೆ ದಾರಿ ತೋರಿಸುವ ಕೆಲಸ ಕಲಿಯಲು ಹೋದ. ಈ ಹುಡುಗ ತೀರಾ ಕನಸುಗಣ್ಣಿನವನು ಅಂತ ಅವರು ಕೆಳಗಿಳಿಸಿದರು. ಸರಿಯಾಗೇ ಮಾಡಿದರು ಬಿಡು. ಆಮೇಲೆ ಮೇಷ್ಟ್ರಾದ.

ಆ ಕಾಲದ ಸ್ಕಾಟ್ಲೆಂಡಿನ ಶಾಲೆಗಳಲ್ಲಿ ನಮ್ಮ ಬೆತ್ತದ ಬದಲು ದಪ್ಪ ಚರ್ಮದ ಪಟ್ಟಿ ಇರುತ್ತಿತ್ತು. ಅಂಗೈಗೆ ಹೊಡೆಯೋದಕ್ಕೆ. ಕಟ್ಲರ್‌ಗೆ ಅದು ಆಗಿಬರಲಿಲ್ಲ. ಕೆಲಸ ಬಿಡುವ ದಿನ ಮೇಜಿನೊಳಗಿದ್ದ ಪಟ್ಟಿಯನ್ನು ತೆಗೆದು, ಚೂರು ಚೂರಾಗಿ ಕತ್ತರಿಸಿ, ತರಗತಿಯ ಮಕ್ಕಳಿಗೆ ಹಂಚಿ ಹೊರಟ. ಪಾಠಕ್ಕೆ ಬರಲೇಬೇಕು ಅನ್ನುವ ಕಡ್ಡಾಯವೇ ಇಲ್ಲದ ಸಮ್ಮರ್‌ಹಿಲ್ ಶಾಲೆಯಲ್ಲಿ ಸ್ವಲ್ಪ ಕಾಲ ಇದ್ದ. ಅದನ್ನು ಕಟ್ಟಿದ ಎ. ಎಸ್. ನೀಲ್ ಕೂಡ ಸ್ಕಾಟ್ಲೆಂಡಿನವನೇ. ಆಮೇಲೆ ಲಂಡನ್ನಿನ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಸಂಗೀತ, ಕುಣಿತ, ನಾಟಕ, ಕವಿತೆ ಕಲಿಸಿದ. ಒಟ್ಟು ಸುಮಾರು 30 ವರ್ಷದ ಮೇಷ್ಟ್ರಗಿರಿ.

ವೇದಿಕೆಗೆ ಹತ್ತಿದ್ದು 1957ರಲ್ಲಿ, ಲಂಡನ್ನಿನ ಬ್ಲೂ ಏಂಜಲ್ ಅನ್ನೋ ಜಾಗದಲ್ಲಿ. ಆಗ ಅವನಿಗೆ 34. ಪೂರ್ತಿ ಮಣ್ಣುಮುಕ್ಕಿದ. ನಿನಗೆ 26, ತಡವಾಯಿತು ಅಂತ ಬರೆದಿದ್ದೀಯ!

ಎರಡು ವರ್ಷದ ಮೇಲೆ ಬಿಬಿಸಿ ರೇಡಿಯೊದ ಒಂದು ಸೋಮವಾರದ ಕಾರ್ಯಕ್ರಮಕ್ಕೆ ಕರೆ ಬಂತು. 1959ರಿಂದ 1963ರೊಳಗೆ ಅದರಲ್ಲಿ 38 ಸಲ ಬಂದ. ಟಿವಿಯಲ್ಲಿ ಅವನನ್ನು ನೋಡಿದ ಬೀಟಲ್ಸ್ ಹಾಡು ತಂಡದ ಪಾಲ್ ಮೆಕಾರ್ಟ್ನಿ ತಮ್ಮ ತಂಡದ 1967ರ ಚಿತ್ರಕ್ಕೆ ಕರೆದುಕೊಂಡ. ಅದರಲ್ಲಿ ಇವನು ಬಸ್ ಕಂಡಕ್ಟರ್. ಅದೇ ವರ್ಷ ಬಂದ ಅವನ ರೆಕಾರ್ಡಿಗೆ ಬೀಟಲ್ಸ್‌ನ ನಿರ್ಮಾಪಕ ಜಾರ್ಜ್ ಮಾರ್ಟಿನ್ನೇ ನಿರ್ಮಾಪಕ. ಇಷ್ಟೆಲ್ಲ ಆದಾಗಲೂ ಅವನು ಮೇಷ್ಟ್ರೇ.

ಈಗ ಪೇಟಿಯ ವಿಷಯ. ಕಟ್ಲರ್ ಹಾರ್ಮೋನಿಯಂ ಹಿಡಿದು ಹೆಸರು ಮಾಡುತ್ತಿದ್ದ ಅರವತ್ತರ ದಶಕದಲ್ಲಿ ನಮ್ಮ ಆಕಾಶವಾಣಿಯೊಳಗೆ ಹಾರ್ಮೋನಿಯಂಗೆ ಪ್ರವೇಶವಿರಲಿಲ್ಲ ಅಂತ ನಿನಗೆ ಗೊತ್ತಾ? 1940ರಲ್ಲಿ ಹಾಕಿದ ನಿಷೇಧ 1971ರವರೆಗೂ ನಡೆಯಿತು. ಸ್ವರದಿಂದ ಸ್ವರಕ್ಕೆ ಜಾರಲು ಬಾರದ ಪೆಟ್ಟಿಗೆ, ನಮ್ಮ ಗಮಕಕ್ಕೆ, ಮೀಂಡಿಗೆ ಒಗ್ಗುವುದಿಲ್ಲ ಅನ್ನೋದು ದೂರು. ನಮ್ಮ ಕಂಪನಿ ನಾಟಕದ ಪೇಟಿ ಮಾಸ್ತರುಗಳು ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ ಕಾಲುಪೇಟಿ ತುಳಿಯುತ್ತಲೇ ಇದ್ದರು. ದೂರು ಸುಳ್ಳೇನಲ್ಲ. ಪೇಟಿ ಜಾರುವುದಿಲ್ಲ, ಮೆಟ್ಟಿಲು ಹತ್ತಿ ಇಳಿಯುತ್ತದೆ. ಹಾಡುಗಾರನಿಗೆ ಅದು ಕೊರತೆ ಇರಬಹುದು. ಮಾತನ್ನೇ ಹಾಡುವವನಿಗೆ ಅದರಷ್ಟು ಒಳ್ಳೆಯ ಜೊತೆ ಇಲ್ಲ. ಕಟ್ಲರ್‌ನ ರೆಕಾರ್ಡು ಕೇಳು. ಬಲಗೈಯ ಚಮತ್ಕಾರ ಏನೂ ಇಲ್ಲ. ಎರಡು ಮೂರು ಸ್ವರ ಉಸಿರಾಡುತ್ತ ಕೂತಿರುತ್ತವೆ. ಅದರ ಮೇಲೆ ಸ್ಕಾಟಿಷ್ ಮಾತಿನ ಎಳೆತದಲ್ಲಿ, ಏನೂ ಅವಸರವಿಲ್ಲದೆ, ಒಣ ಗಂಟಲಿನಲ್ಲಿ ಒಂದು ವಾಕ್ಯ. ಆಮೇಲೆ ನಿಲುಗಡೆ. ಆ ನಿಲುಗಡೆಯಲ್ಲೇ ನಗು ಬರುತ್ತೆ. ಎರಡು ಕ್ಷಣ ಬಿಟ್ಟು, ಯಾಕೆ ನಕ್ಕೆ ಅಂತ ಸಂಕಟ ಆಗುತ್ತೆ.

1978ರಲ್ಲಿ ಬಂದ ಅವನ ಒಂದು ರೆಕಾರ್ಡಿನಲ್ಲಿ ಇರೋದು ಸ್ಕಾಟ್ಲೆಂಡಿನ ಬಡ ಮನೆಯ ನಡುಕೋಣೆಯ ಕತೆಗಳು. ಅಪ್ಪ, ಅಮ್ಮ, ಅಜ್ಜ, ಮಕ್ಕಳು, ಚಳಿ, ಹೆರಿಂಗ್ ಮೀನು. ಅದರ ಹೆಸರಿನಲ್ಲೇ ‘ಸಂಪುಟ 2’ ಅಂತಿದೆ. ಸಂಪುಟ 1 ಅಂತ ಒಂದು ಇಲ್ಲವೇ ಇಲ್ಲ! ನನಗೆ ಅವನ ಕೆಲಸದಲ್ಲಿ ತುಂಬ ಇಷ್ಟವಾದದ್ದು ಇದು. ಮನೆಯ ಕಷ್ಟವನ್ನು ಅವನು ಎಲ್ಲೂ ಅತ್ತು ಹೇಳುವುದಿಲ್ಲ, ದಿನದ ವರದಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾನೆ. ನಿನ್ನ ಚಪ್ಪಲಿಯ ಕವಿತೆಗೂ ಅದೇ ಗುಣ ಇದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಗದ್ದಲ ಕಂಡರೆ ಅವನಿಗಾಗುತ್ತಿರಲಿಲ್ಲ. ಶಬ್ದ ತಗ್ಗಿಸಬೇಕು ಅನ್ನುವ ಒಂದು ಸಂಘದ ಸದಸ್ಯನಾಗಿದ್ದ. ಓಡಾಟಕ್ಕೆ ಸೈಕಲ್ಲು. ಮೆಚ್ಚಿದಿರಿ ಅಂತ ಯಾರೂ ಶಿಳ್ಳೆ ಹೊಡೆಯಕೂಡದು ಅಂತ ತನ್ನ ಕೇಳುಗರಿಗೆ ತಾಕೀತು ಮಾಡಿದ್ದ. ಇದನ್ನು ಸುಮ್ನೆ ಮುದುಕನ ವಿಚಿತ್ರ ಅಂದುಕೊಳ್ಳಬೇಡ. ಸಣ್ಣ ದನಿಯಲ್ಲಿ ಹಾಡುವವನಿಗೆ ಕೇಳುಗರ ಕಿವಿಯೂ ಸಣ್ಣ ದನಿಗೆ ಹದವಾಗಿರಬೇಕು. ಒಂದು ಶಿಳ್ಳೆ ಬಿದ್ದರೆ ಆ ಹದ ಕೆಟ್ಟಿತು. ಮುಂದಿನ ಕವಿತೆಯನ್ನು ಶಿಳ್ಳೆಗಿಂತ ಎತ್ತರಕ್ಕೆ ಎತ್ತಬೇಕಾಗುತ್ತೆ. ಅದರ ಮುಂದಿನದನ್ನು ಇನ್ನೂ ಎತ್ತರಕ್ಕೆ. ನಿನ್ನ ಮೊದಲ ವಿಡಿಯೊದಲ್ಲಿ ಆಗಿದ್ದೂ ಅದೇ, ಅಲ್ವಾ? ಮೂರನೇ ಕವಿತೆಯ ಹೊತ್ತಿಗೆ ನೀನು ಅರಚುತ್ತಿದ್ದೆ.

ನಾನೂ ಅರಚಿದವನೇ. ನಿನ್ನ ವಯಸ್ಸಿನಲ್ಲಿ ನನ್ನದೊಂದು ಕವಿತೆಗೆ ಭೀಮಪಲಾಸ್ ರಾಗದಲ್ಲಿ ಧಾಟಿ ಕೂಡಿಸಿದ್ದೆ. ಹೋದಲ್ಲೆಲ್ಲ ‘ಅದನ್ನೇ ಹೇಳಿ’ ಅನ್ನುತ್ತಿದ್ದರು. ಹಿಗ್ಗಿ ಹೀರೆಕಾಯಿಯಾಗಿದ್ದೆ. ಸಂಕಲನದಲ್ಲಿ ಅಚ್ಚಾದ ಮೇಲೆ ಓದಿ ನೋಡಿದರೆ ಎಂಟು ಸಾಲಿನಲ್ಲಿ ಆರು ಟೊಳ್ಳು. ಜನ ಕೇಳಿದ್ದು ಭೀಮಪಲಾಸ್, ನನ್ನನ್ನಲ್ಲ. ಅವತ್ತಿನಿಂದ ಒಂದು ಅಭ್ಯಾಸ ಇಟ್ಟುಕೊಂಡೆ. ಹೊಸ ಕವಿತೆಯನ್ನು ಮೊದಲು ಪಡಿತರ ಚೀಟಿ ಓದುವ ದನಿಯಲ್ಲಿ ಓದುತ್ತೇನೆ. ಅದರಲ್ಲೂ ನಿಂತ ಸಾಲಿಗೆ ಮಾತ್ರ ಪೇಟಿ ತೆಗೆಯುತ್ತೇನೆ. ನೀನೂ ಮಾಡಿ ನೋಡು. ಮೊದಲ ತಿಂಗಳು ತುಂಬ ಬೇಜಾರಾಗುತ್ತೆ.

ಸಣ್ಣ ದನಿಯವರಿಗೆ ಕೇಳುಗರು ಸಿಗುತ್ತಾರಾ ಅಂತ ನಿನ್ನ ಭಯ. 1969ರಿಂದ ಕಟ್ಲರ್ ಬಿಬಿಸಿಯಲ್ಲಿ ಜಾನ್ ಪೀಲ್ ಅನ್ನುವವನು ನಡೆಸುತ್ತಿದ್ದ ರೇಡಿಯೊ ಕಾರ್ಯಕ್ರಮಕ್ಕೆ ಮತ್ತೆ ಮತ್ತೆ ಹೋದ. ಪೀಲ್ ಹಾಕುತ್ತಿದ್ದದ್ದು ಹುಡುಗರ ರಾಕ್, ಪಂಕ್. ಆ ಅಬ್ಬರದ ನಡುವೆ ಈ ಮನುಷ್ಯನ ಪೇಟಿ. ರಾತ್ರಿ ರೇಡಿಯೊ ಕೇಳುತ್ತಿದ್ದ ಹುಡುಗರು ಅವನ ಸಭೆಗಳಿಗೆ ಬರತೊಡಗಿದರು. ಹಳೇ ಅಭಿಮಾನಿಗಳು, ಇವರೆಲ್ಲ ಎಲ್ಲಿಂದ ಬಂದರಪ್ಪ ಅಂತ ತಿರುಗಿ ನೋಡುತ್ತಿದ್ದರಂತೆ. 1997ರಲ್ಲಿ ಅವನ ರೆಕಾರ್ಡು ತಂದದ್ದು ಒಯಾಸಿಸ್ ಅನ್ನೋ ರಾಕ್ ತಂಡದ ರೆಕಾರ್ಡು ತರುತ್ತಿದ್ದ ಅದೇ ಕಂಪನಿ. ಆಗ ಅವನಿಗೆ 74. ತೀರಿಕೊಂಡದ್ದು 2006ರಲ್ಲಿ. ಅಷ್ಟು ವರ್ಷದಲ್ಲಿ ಅವನು ದನಿ ಎತ್ತಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಕೆಲಸ ಬಿಡುವ ಮಾತು ಇನ್ನೊಂದೈದು ವರ್ಷ ಎತ್ತಬೇಡ. ಸಂಬಳದ ಲೆಕ್ಕ ಒಂದೇ ಅಲ್ಲ. ನಾಲ್ಕನೇ ತರಗತಿ ಮಕ್ಕಳು ವಾಕ್ಯ ಕಟ್ಟುವ ರೀತಿ ನಿನ್ನ ಕವಿತೆಯೊಳಕ್ಕೆ ಆಗಲೇ ಬಂದಿದೆ, ನಿನಗೇ ಗೊತ್ತಿಲ್ಲ. ‘ಚಪ್ಪಲಿ ಬಾಗಿಲ ಕಡೆ ಮುಖ ಮಾಡಿ ಮಲಗಿದೆ’ ಅನ್ನೋದು ದೊಡ್ಡವರು ಬರೆಯುವ ಸಾಲಲ್ಲ.

ಅದೇ ಕವಿತೆಯಲ್ಲಿ ‘ಮೌನ’ ಮೂರು ಕಡೆ ಇದೆ. ಮೂರನ್ನೂ ಹೊಡೆದು ಹಾಕು. ಕೊನೆಯ ನಾಲ್ಕು ಸಾಲು ಧಾಟಿಗೋಸ್ಕರ ಬರೆದದ್ದು ಅಂತ ನನ್ನ ಗುಮಾನಿ.

ಭಾನುವಾರ ಬಾ. ಬಸ್ಸಿನಲ್ಲಿ ಪೇಟಿ ಹೊತ್ತು ತರಬೇಡ, ಹಾಳೆ ಸಾಕು. ಊಟ ಆದ ಮೇಲೆ ನುಡಿಸಬೇಕು ಅನ್ನಿಸಿದರೆ ನಮ್ಮದೇ ಒಂದಿದೆ. ಅದರ ಮಧ್ಯಮ ಸ್ವರದ ಮನೆ ಸ್ವಲ್ಪ ಅಂಟುತ್ತೆ, ಅಷ್ಟೇ.

ಇಂತಿ,
ನಿನ್ನ ಮೇಷ್ಟ್ರು